ಮೂರನೆಯ ಎಲೆ

ಮಿಕ್ಸಿಯ ಸದ್ದಿನ ನಡುವೆಯೂ ಫೋನು ಬಡಿದುಕೊಂಡದ್ದು ಅಮ್ಮಣಿಯ ಕಿವಿಗೆ ಬಿತ್ತು. ಎಪ್ಪತ್ತೈದರ ಮುದುಕಿಗೆ ಎದುರು ನಿಂತು ಕರೆದರೆ ಕೇಳುವುದಿಲ್ಲ, ಬೇಡದ ಸದ್ದೆಲ್ಲ ಕೇಳುತ್ತದೆ.

"ಪುನಃ ಶುರುವಾಯ್ತಾ ಅದರ ಬೊಬ್ಬೆ! ಯಾರು ಮಾರಾಯ್ತಿ ಅದು, ಗಳಿಗೆಗೊಮ್ಮೆ?"

"ಯಾರೂ ಅಲ್ಲ ಮಾಮಿ. ಅಲಾರಾಂ."

ಸೊಸೆ ಪಂಕಜಾಕ್ಷಿ ಮಿಕ್ಸಿ ನಿಲ್ಲಿಸಿ, ಕಿಟಕಿಯ ದಂಡೆಯ ಮೇಲಿದ್ದ ಬಾಟಲಿ ಎತ್ತಿ ಎರಡು ಗುಟುಕು ನೀರು ಕುಡಿದಳು. ಮೂರನೆಯದಕ್ಕೆ ಒಳಗೆ ಜಾಗವಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು. ಊಟಕ್ಕೆ ಅರ್ಧ ಗಂಟೆ ಮೊದಲು ನಿಲ್ಲಿಸಬೇಕು, ಉಂಡು ಅರ್ಧ ಗಂಟೆ ಮುಟ್ಟಬಾರದು. ಕಬ್ಬಿಣದ ಮಾತ್ರೆ ಬೆಳಿಗ್ಗೆ, ಕ್ಯಾಲ್ಸಿಯಂ ಸಂಜೆ, ಎರಡೂ ಒಟ್ಟಿಗೆ ಹೋದರೆ ಒಂದನ್ನೊಂದು ತಿನ್ನುತ್ತವಂತೆ. ಸೀಮೆಸುಣ್ಣ ಕಲಸಿದಂತಿರುವ ಪ್ರೋಟೀನ್ ಪುಡಿ ಎರಡು ಸಲ. ಒಂದೊಂದು ತುತ್ತಿಗೆ ಇಪ್ಪತ್ತೈದು ಸಲ ಅಗಿಯುವುದು. ಹೆತ್ತ ಕೂಸನ್ನು ಸಾಕುವುದಕ್ಕೂ ಇಷ್ಟು ಕಷ್ಟವಿರಲಿಲ್ಲ ಎಂದು ಅವಳಿಗೆ ಅನಿಸುತ್ತಿತ್ತು. ಕೂಸಾದರೆ ದೊಡ್ಡದಾಗುತ್ತದೆ, ಮುಂದೊಂದು ದಿನ ಬಿಡುಗಡೆ ಉಂಟು. ಈ ಹೊಟ್ಟೆ ಹಾಗಲ್ಲ, ಸಾಯುವವರೆಗೆ ಸಣ್ಣದೇ.

ಏಳು ತಿಂಗಳ ಹಿಂದೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವಳ ಜಠರದ ಮುಕ್ಕಾಲು ಪಾಲಿಗೂ ಹೆಚ್ಚು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಷ್ಟು ದಪ್ಪದ ಕೊಳವೆಯಾಗಿ ಹೊಲಿದು ಕಳುಹಿಸಿದ್ದರು. ಆಗ ತೂಕ ನೂರ ಹದಿನೆಂಟು ಕಿಲೋ, ಈಗ ಎಂಬತ್ತನಾಲ್ಕು. ಸಕ್ಕರೆ ಇಳಿದಿದೆ, ಮೊಣಕಾಲು ಕೇಳಿದಂತೆ ಕೇಳುತ್ತದೆ. ಎಲ್ಲ ಒಳ್ಳೆಯದೇ. ಆದರೆ ಬಾಚಣಿಗೆಯಲ್ಲಿ ಕೂದಲು ಹಿಡಿಹಿಡಿಯಾಗಿ ಬರುತ್ತದೆ, ತೋಳಿನ ಚರ್ಮ ಒಣಗಲು ಹಾಕಿದ ಬಟ್ಟೆಯ ಹಾಗೆ ಜೋತಿದೆ, ರವಿಕೆಗಳಿಗೆಲ್ಲ ಪಿನ್ನು. ಎಲ್ಲಕ್ಕಿಂತ ವಿಚಿತ್ರವೆಂದರೆ ಹಸಿವೇ ಇಲ್ಲ. ಕತ್ತರಿಸಿದ ಭಾಗದಲ್ಲೇ ಹಸಿವಿನ ರಸವೂ ಇತ್ತಂತೆ, ಅದೂ ಜೊತೆಗೇ ಹೋಯಿತು. ಅಲಾರಾಂ ಬಡಿದರೆ ಉಣ್ಣಬೇಕು, ಇಲ್ಲವಾದರೆ ಮರೆತೇ ಹೋಗುತ್ತದೆ.

ಇದು ಯಾವುದೂ ಅಮ್ಮಣಿಗೆ ಗೊತ್ತಿಲ್ಲ. ಅವಳ ಮಟ್ಟಿಗೆ ಸೊಸೆಗೆ ಆದದ್ದು ಪಿತ್ತಕೋಶದ ಕಲ್ಲಿನ ಆಪರೇಷನ್.

ಆ ಸುಳ್ಳು ಹುಟ್ಟಿದ್ದು ಪಂಕಜಾಕ್ಷಿಯ ಗಂಡ ಗುಣಪಾಲನ ಬಾಯಿಂದ. ಅವನು ಕುಂಜತ್ತೂರಿನ ಹೈವೇ ಬದಿಯಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವ ಶೆಡ್ಡು ಇಟ್ಟುಕೊಂಡವನು. ಐವತ್ತೆರಡು ವರ್ಷ ತುಂಬಿದ್ದರೂ ತಾಯಿಯ ಎದುರು ಬಾಲ ಮುದುರುವವನು. ಆಪರೇಷನ್ನಿಗೆ ಮೂರು ವಾರ ಮೊದಲೇ ಅಮ್ಮಣಿಯನ್ನು ದೇಲಂಪಾಡಿಯ ತಂಗಿಯ ಮನೆಗೆ ಸಾಗಿಸಿ, ಎಲ್ಲ ಮುಗಿದ ಮೇಲೆ ಕರೆದುಕೊಂಡು ಬಂದು, "ಕಲ್ಲು ಇತ್ತಮ್ಮ, ತೆಗೆದರು" ಎಂದಿದ್ದ. ಅಮ್ಮಣಿ ಸುಮ್ಮನಿರುವ ಹೆಂಗಸೇ? "ತೆಗೆದ ಕಲ್ಲನ್ನು ಡಬ್ಬಿಯಲ್ಲಿ ಹಾಕಿ ಕೊಡ್ತಾರಲ್ಲ, ಎಲ್ಲುಂಟು ತೋರಿಸು" ಎಂದಳು. ಮಗ ಮರುದಿನ ಮಾತ್ರೆಯ ಬಾಟಲಿಯಲ್ಲಿ ಒಂದು ಕಲ್ಲು ತಂದು ತೋರಿಸಿದ. ರಸ್ತೆ ಕೆಲಸದವರ ರಾಶಿಯಿಂದ ಹೆಕ್ಕಿದ, ಹುಣಸೆ ಬೀಜದಷ್ಟು ದೊಡ್ಡ ಜಲ್ಲಿ. ಅಮ್ಮಣಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕಣ್ಣೀರು ಹಾಕಿದಳು. ಬಂದುಹೋದವರಿಗೆಲ್ಲ ತೋರಿಸಿದಳು. ಈಗಲೂ ಆ ಬಾಟಲಿ ಟಿವಿಯ ಪಕ್ಕದಲ್ಲಿದೆ. ಅದನ್ನು ಕಂಡಾಗಲೆಲ್ಲ ಪಂಕಜಾಕ್ಷಿಗೆ ನಗು ಬರಬೇಕು. ಬರುತ್ತಿದ್ದದ್ದು ಸುಸ್ತು.

ನಿಜ ಹೇಳಬಹುದಿತ್ತು. ಆದರೆ ಹೇಗೆ ಹೇಳುವುದು? ಐದು ಹೆಣ್ಣುಮಕ್ಕಳಿದ್ದ, ಅನ್ನವನ್ನು ಸೌಟಿನಲ್ಲಿ ಅಳೆದು ಹಾಕುವ ಮನೆಯಿಂದ ಇಪ್ಪತ್ತನಾಲ್ಕು ವರ್ಷದ ಹಿಂದೆ ಅವಳು ಇಲ್ಲಿಗೆ ಬಂದಾಗ ಕಡ್ಡಿಯಂತಿದ್ದಳು. ಮಾವ ಹೊನ್ನಯ್ಯ ತಲಪಾಡಿಯ ಚೆಕ್‌ಪೋಸ್ಟಿನ ಬಳಿ ಚಹಾದಂಗಡಿ ನಡೆಸಿದವನು, ಉಣ್ಣುವವರನ್ನು ಕಂಡರೆ ಅವನಿಗೆ ಪ್ರಾಣ. ಮದುವೆಯ ಮರುದಿನ ಅವಳು ಮೂರನೆಯ ಸಲ ಅನ್ನ ಹಾಕಿಸಿಕೊಂಡು, ನಾಚಿಕೆಯಿಂದ ತಲೆ ತಗ್ಗಿಸಿದಾಗ ಹೊನ್ನಯ್ಯ ಹೆಂಡತಿಯನ್ನು ಕೂಗಿ ಕರೆದು, "ಅಮ್ಮಣಿ, ನಮ್ಮ ಮನೆಗೆ ಉಣ್ಣುವವಳು ಬಂದಳು, ಇನ್ನು ಹೆದರಿಕೆ ಇಲ್ಲ" ಎಂದಿದ್ದ. ಅಲ್ಲಿಂದ ಶುರು. ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಕ್ಲರ್ಕ್ ಕೆಲಸ ಸಿಕ್ಕಿದ ಮೇಲೆ, ಎರಡು ಬಸ್ಸು ಬದಲಿಸಿ ಸಂಜೆ ಏಳಕ್ಕೆ ಮನೆ ಸೇರುವಾಗ, ಅತ್ತೆ ಉಣ್ಣದೆ ಕಾದಿರುತ್ತಿದ್ದಳು. ಸ್ವಂತ ತಾಯಿ ಹಾಕದಷ್ಟು ಅನ್ನ ಆ ಕೈ ಹಾಕಿದೆ. ಅದೇ ಅನ್ನ ಮೈಗೆ ಹಿಡಿದು, ವರ್ಷಕ್ಕಿಷ್ಟು ಏರಿ, ಕಡೆಗೊಂದು ಬೆಳಿಗ್ಗೆ ಬಸ್ಸಿನ ಮೆಟ್ಟಿಲು ಹತ್ತಲಾಗದೆ ಅವಳು ಕಂಬಿ ಹಿಡಿದು ನೇತಾಡಿದಾಗ, ಕಂಡಕ್ಟರನೂ ಇನ್ನೊಬ್ಬನೂ ಸೇರಿ ಒಳಗೆ ಎಳೆದುಕೊಂಡಿದ್ದರು. ಬಸ್ಸಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಆ ವಾರವೇ ಅವಳು ಆಸ್ಪತ್ರೆಗೆ ಹೋದದ್ದು. "ಮಾಮಿ, ನೀವು ಪ್ರೀತಿಯಿಂದ ತುಂಬಿಸಿದ್ದನ್ನು ಕತ್ತರಿಸಿ ಬಿಸಾಡಿ ಬಂದೆ" ಎಂದು ಯಾವ ಬಾಯಲ್ಲಿ ಹೇಳುವುದು.

ಹಾಗೆ ಮುಚ್ಚಿಟ್ಟುಕೊಂಡೇ, ತುಳುವರ ಆಷಾಢವಾದ ಆಟಿ ತಿಂಗಳು ಬಂತು. ಆಟಿಯಲ್ಲೊಂದು ದಿನ ಸತ್ತವರಿಗೆ ಎಲೆ ಹಾಕಿ ಬಡಿಸುವುದು ಆ ಮನೆಯಲ್ಲಿ ತಪ್ಪಿದ್ದಿಲ್ಲ. ಒಳಕೋಣೆಯಲ್ಲಿ ದೀಪ ಹಚ್ಚಿ, ಎಲೆಯ ತುಂಬ ಬಡಿಸಿ, ಬಾಗಿಲು ಹಾಕಿ ಎಲ್ಲರೂ ಹೊರಗೆ ಕಾಯಬೇಕು. ಹೋದವರು ಬಂದು ಉಣ್ಣುತ್ತಾರೆ. ಆಮೇಲೆ ಬಾಗಿಲು ತೆಗೆದು, ಆ ಎಲೆಗಳ ಮುಂದೆಯೇ ಮನೆಯವರು ಕುಳಿತು ಉಣ್ಣಬೇಕು. ಒಂದಗುಳೂ ಉಳಿಸುವ ಹಾಗಿಲ್ಲ. ಉಳಿಸಿದರೆ ಹೋದವರು ಅರೆಹೊಟ್ಟೆಯಲ್ಲಿ ಎದ್ದ ಹಾಗೆ. ಹೊನ್ನಯ್ಯ ತೀರಿಕೊಂಡ ಹನ್ನೊಂದು ವರ್ಷದಿಂದಲೂ ಅವನ ಎಲೆಗೆ ಕೂರುತ್ತಿದ್ದದ್ದು ಪಂಕಜಾಕ್ಷಿ. ಮಗನಲ್ಲ, ಮಗಳಲ್ಲ. "ಅವರಿಗೆ ಅವಳು ಉಂಡರೇ ತೃಪ್ತಿ" ಎಂದು ಅಮ್ಮಣಿ ಮೊದಲ ವರ್ಷವೇ ತೀರ್ಮಾನ ಮಾಡಿದ್ದಳು.

ಎಲೆ ಹಾಕುವ ದಿನ ಬಂದಾಗ ಮಳೆ ಎರಡು ದಿನದಿಂದ ಬಿಡುವು ಕೊಟ್ಟಿತ್ತು. ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಅನ್ನುತ್ತಾರಲ್ಲ, ಅಂಥ ಬಿಸಿಲು. ದೇಲಂಪಾಡಿಯಿಂದ ಗುಣಪಾಲನ ತಂಗಿ ಕಮಲ ಹತ್ತು ಗಂಟೆಗೇ ಬಂದು, ಚಪ್ಪಲಿ ಬಿಡುವ ಮೊದಲೇ ಅತ್ತಿಗೆಯನ್ನು ನೋಡಿ ನಿಂತುಬಿಟ್ಟಳು.

"ಎಂತ ಅತ್ತಿಗೆ ಇದು? ಕಲ್ಲು ತೆಗೆದರೆ ಮನುಷ್ಯರು ಇಷ್ಟು ಇಳಿತಾರಾ? ಬೇರೆ ಎಂತಾದ್ರೂ ಉಂಟಾ?"

"ಎಂತ ಇಲ್ಲ ಕಮಲ. ಡಯೆಟ್."

"ಅಲ್ಲ, ಮುಖದಲ್ಲಿ ಕಳೆಯೇ ಇಲ್ಲ."

ಆಫೀಸಿನಲ್ಲೂ ಇದೇ ರಾಗ. ದಪ್ಪವಿದ್ದಾಗ ಅವಳ ಕುರ್ಚಿ ಮುರಿದೀತೆಂದು ತಮಾಷೆ ಮಾಡುತ್ತಿದ್ದ ಪಕ್ಕದ ಸೀಟಿನ ವೆಂಕಟಲಕ್ಷ್ಮಿ ಈಗ ಮಧ್ಯಾಹ್ನದ ಸಣ್ಣ ಡಬ್ಬಿಯನ್ನು ಕಂಡು, "ಶುಗರಾ ಪಂಕಜಕ್ಕಾ? ನಂಗೆ ಹೇಳಿ, ನಾನು ಯಾರಿಗೂ ಹೇಳೂದಿಲ್ಲ" ಎಂದು ವಾರಕ್ಕೊಮ್ಮೆ ಕೇಳುತ್ತಾಳೆ. ಇಳಿದರೂ ತಪ್ಪು, ಏರಿದರೂ ತಪ್ಪು. ಜನರ ಬಾಯಿಗೆ ಉತ್ತರ ಕೊಟ್ಟು ಕೊಟ್ಟು ಅವಳಿಗೆ ಸಾಕಾಗಿ ಹೋಗಿತ್ತು.

ಬೆಳಿಗ್ಗೆಯೇ ಅವಳು ಗಂಡನನ್ನು ಹಿತ್ತಿಲಿಗೆ ಕರೆದು, "ಈ ಸಲ ನೀವೇ ಮಾವನ ಎಲೆಗೆ ಕೂತ್ಕೊಳ್ಳಿ. ನನ್ನಿಂದಾಗುದಿಲ್ಲ" ಎಂದಿದ್ದಳು. ಗುಣಪಾಲ ಮನೆಯ ಕಡೆ ನೋಡಿ, "ಅಮ್ಮನಿಗೆ ಎಂತ ಹೇಳುದು?" ಎಂದ. "ಕಲ್ಲನ್ನು ತಂದದ್ದು ಯಾರು? ಅವರೇ ಹೇಳಿ." ಅವನು ತಲೆ ಕೆರೆದುಕೊಂಡು, ಕೋಳಿ ತರಲಿಕ್ಕುಂಟು ಎಂದು ಸ್ಕೂಟರ್ ಹತ್ತಿದ. ಕೋಳಿ ಬಂತು, ಮಾತು ಬರಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಅಮ್ಮಣಿ ಮಿಂದು, ಬಿಳಿ ಸೀರೆ ಉಟ್ಟು, ಒಳಕೋಣೆಯಲ್ಲಿ ಎರಡು ಎಲೆ ಹಾಕಿದಳು. ದೊಡ್ಡದು ಹೊನ್ನಯ್ಯನಿಗೆ. ಕುಚಲಕ್ಕಿ ಅನ್ನ, ಕೋಳಿ ಪದಾರ್ಥ, ನೀರುದೋಸೆ, ಬಸಳೆ, ಮಳೆಗಾಲದಲ್ಲಿ ಬೋಟುಗಳು ಕಡಲಿಗಿಳಿಯದ ಟ್ರಾಲಿಂಗ್ ನಿಷೇಧದ ದೆಸೆಯಿಂದ ಹಸಿಮೀನಿಲ್ಲದೆ ಒಣ ಸಿಗಡಿಯ ಚಟ್ನಿ. ಬದಿಯಲ್ಲಿ ಒಂದು ಕಟ್ಟು ಬೀಡಿ, ಸಣ್ಣ ಲೋಟದಲ್ಲಿ ಬ್ರಾಂಡಿ. ಅದರ ಪಕ್ಕದಲ್ಲಿ ಅಂಗೈಯಗಲದ ಎಲೆ. ಗುಣಪಾಲನಿಗಿಂತ ಮೊದಲು ಹುಟ್ಟಿ, ಮೂರನೆಯ ದಿನ ಮೊಲೆಹಾಲು ಕುಡಿಯದೆಯೇ ಹೋದ ಹೆಸರಿಲ್ಲದ ಕೂಸಿಗೆ. ಆ ಎಲೆಗೆ ಒಂದು ಚಮಚ ಹಾಲನ್ನ, ಚೂರು ಬೆಲ್ಲ. ಐವತ್ತಮೂರು ವರ್ಷದಿಂದ ಅಮ್ಮಣಿ ಅದನ್ನು ಬಿಟ್ಟಿಲ್ಲ. "ಉಂಡು ಹೋದವರಿಗೆ ಒಂದು ವರ್ಷ ತಪ್ಪಿದರೂ ತಡೆಯುತ್ತದೆ. ಉಣ್ಣದೆ ಹೋದವರಿಗೆ ತಪ್ಪಿಸಬಾರದು" ಎನ್ನುವುದು ಅವಳ ಕಾನೂನು.

ಬಾಗಿಲು ಹಾಕಿದರು. ಮನೆಯ ಮುಂಬದಿಯ ಸಿಟೌಟಿನಲ್ಲಿ ಕುಳಿತು ಕಾದರು. ಆಮೇಲೆ ಅಮ್ಮಣಿ, ಒಳಗೆ ಉಣ್ಣುವವರಿಗೆ ತಿಳಿಯಲೆಂದು, ಮೂರು ಸಲ ಕೆಮ್ಮಿ ಬಾಗಿಲು ತೆಗೆದು, "ಬಾ ಪಂಕಜ" ಎಂದಳು.

ಪಂಕಜಾಕ್ಷಿ ಗಂಡನ ಮುಖ ನೋಡಿದಳು. ಅವನು ದೀಪದ ಬತ್ತಿ ನೋಡುತ್ತಿದ್ದ. "ಮಾಮಿ, ಈ ಸಲ ಅವರು..." ಎಂದು ಶುರು ಮಾಡಿದಳು.

"ಎಂತ ಅವರು? ಏಳು ತಿಂಗಳಿಂದ ಬೆಕ್ಕು ನೆಕ್ಕಿದ ಹಾಗೆ ಉಣ್ತಾ ಇದ್ದಿ. ಇವತ್ತು ನಿನ್ನ ಮಾವನ ಮುಂದೆಯಾದ್ರೂ ಸರಿಯಾಗಿ ಉಣ್ಣು. ಅವರೇ ಸರಿ ಮಾಡ್ತಾರೆ. ನಾನು ಹೇಳಿಕೊಂಡಿದ್ದೇನೆ."

ಅಮ್ಮಣಿಯ ಕಣ್ಣಲ್ಲಿದ್ದ ಆಸೆಯನ್ನು ಪಂಕಜಾಕ್ಷಿ ಕಂಡಳು. ಅವಳು ಕುಳಿತಳು.

ಮೊದಲ ತುತ್ತು ಇಪ್ಪತ್ತೈದು ಸಲ. ಎರಡನೆಯದೂ. ನಾಲ್ಕನೆಯದಕ್ಕೆ ಬರುವಾಗ ಕಮಲ ತನ್ನ ಬಟ್ಟಲು ಮುಗಿಸಿ ಕೈ ನೆಕ್ಕುತ್ತಿದ್ದಳು. ಅಮ್ಮಣಿ ಪುಟ್ಟ ಎಲೆಯ ಹಾಲನ್ನ ತಿಂದು ಮುಗಿಸಿ ಸೊಸೆಯನ್ನೇ ನೋಡುತ್ತಿದ್ದಳು. ಎಲೆ ಹಾಗೆಯೇ ಗುಡ್ಡದಂತಿತ್ತು. ಪಂಕಜಾಕ್ಷಿ ಎಣಿಸುವುದನ್ನು ಬಿಟ್ಟಳು. ಎಂಟು ತುತ್ತು, ಒಂಬತ್ತು, ಹತ್ತು. "ಹಾಂ, ಹಾಗೆ" ಎಂದಳು ಅಮ್ಮಣಿ. ಹನ್ನೊಂದನೆಯದು ಎದೆಗೂಡಿನ ಹಿಂದೆ ಸಿಕ್ಕಿಕೊಂಡು, ಒಳಗಿಂದ ಯಾರೋ ಮುಷ್ಟಿ ಒತ್ತಿ ಹಿಡಿದ ಹಾಗಾಯಿತು. ಹಣೆಯಲ್ಲಿ ಬೆವರೊಡೆಯಿತು. ಬಾಯಿ ತುಂಬ ನೊರೆಯಂಥ ನೀರು. ಎದ್ದು ಓಡಿದಳು.

ಹಿತ್ತಿಲ ನಲ್ಲಿಯ ಬಳಿ ಬಗ್ಗಿ ಎಲ್ಲವನ್ನೂ ಕಾರಿದಳು. ಹಿಂದಿನಿಂದ ಕಮಲಳ ದನಿ: "ಅಯ್ಯೋ ದೇವರೇ! ಅಪ್ಪನ ಎಲೆಯದ್ದು!" ಸತ್ತವರ ಅನ್ನವನ್ನು ವಾಂತಿ ಮಾಡಿದ ಮನೆ ಆ ಊರಲ್ಲಿ ಇನ್ನೊಂದಿರಲಿಕ್ಕಿಲ್ಲ. ಪಂಕಜಾಕ್ಷಿಗೆ ಹೆದರಿಕೆಯಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಲೆಯಿಟ್ಟು ಮಲಗಿಬಿಡೋಣ ಅನಿಸಿತು. ಅಷ್ಟು ದಣಿದಿದ್ದಳು.

ಹಣೆಯ ಮೇಲೆ ಒಂದು ಒರಟು ಕೈ ಬಂತು, ಇನ್ನೊಂದು ಬೆನ್ನ ಮೇಲೆ. ಅಮ್ಮಣಿ.

"ಆಯ್ತು, ಆಯ್ತು. ಎಲ್ಲ ಹೋಗ್ಲಿ. ಎಂತ ಉಂಟು ಮಗಾ ನಿನಗೆ? ದೊಡ್ಡ ಸೀಕಾ? ನನಗೆ ಯಾಕೆ ಹೇಳದ್ದು?"

"ಸೀಕಲ್ಲ ಮಾಮಿ." ಪಂಕಜಾಕ್ಷಿ ಬಾಯಿ ಒರೆಸಿಕೊಂಡಳು. "ಕಲ್ಲೂ ಅಲ್ಲ. ಹೊಟ್ಟೆ ಕತ್ತರಿಸಿ ತೆಗೆಸಿದ್ದೇನೆ. ಮುಕ್ಕಾಲು ಪಾಲು. ಇಳಿಲಿಕ್ಕೆ. ಇನ್ನು ಯಾವತ್ತೂ ಒಂದು ಚಹಾ ಲೋಟದಷ್ಟೇ ಉಣ್ಲಿಕ್ಕೆ ಆಗುದು. ಮಾವ ಬಂದು ಹೇಳಿದರೂ ಅಷ್ಟೇ."

ಬೆನ್ನ ಮೇಲಿನ ಕೈ ನಿಂತಿತು. ಅಮ್ಮಣಿ ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿದಳು.

"ಹಾಗಾದ್ರೆ ಟಿವಿಯ ಹತ್ತಿರ ಇರುವುದು ಎಂತ?"

"ಅದು... ಹೈವೇ ಕೆಲಸದ ಜಲ್ಲಿ, ಅಮ್ಮ."

ಬೇರೆ ದಿನವಾದರೆ ಗುಣಪಾಲನನ್ನು ಉಗಿದು ಉಪ್ಪಿನಕಾಯಿ ಹಾಕುತ್ತಿದ್ದಳು. ಈಗ ಅವನನ್ನು ನೋಡಿದಳಷ್ಟೇ. ಆಮೇಲೆ ಒಗೆಯುವ ಕಲ್ಲಿನ ಅಂಚಿನಲ್ಲಿ ಮೆಲ್ಲಗೆ ಕುಳಿತು, "ನಾನು ಬಡಿಸಿದ್ದು ಹೆಚ್ಚಾಯ್ತಾ ಪಂಕಜ?" ಎಂದಳು.

ಇದೇ ಮಾತಿಗೆ ಹೆದರಿ ಸೊಸೆ ಏಳು ತಿಂಗಳು ಕಳೆದಿದ್ದಳು. ಇಲ್ಲವೆಂದರೆ ಸುಳ್ಳು, ಹೌದೆಂದರೆ ಕೃತಘ್ನತೆ. ಪಂಕಜಾಕ್ಷಿ ಅತ್ತಳು. "ಹಸಿವಿತ್ತು ಮಾಮಿ. ನೀವು ಹಾಕಿದಿರಿ, ನಾನು ಉಂಡೆ. ನಿಮ್ಮದು ಎಂತ ತಪ್ಪು. ಈಗ ಹಸಿವೆಯೂ ಇಲ್ಲ."

ಅಮ್ಮಣಿ ಸೆರಗಿನಿಂದ ತನ್ನ ಮುಖ ಒರೆಸಿಕೊಂಡಳು, ಅದೇ ಸೆರಗಿನಿಂದ ಸೊಸೆಯದ್ದನ್ನೂ. ಏನೋ ನೆನಪಾದಂತೆ ಕೇಳಿದಳು: "ತೆಗೆದದ್ದನ್ನು ಎಂತ ಮಾಡಿದ್ರು?"

"ನನಗೆ ತೋರಿಸಿದ್ರು, ಒಂದು ತಟ್ಟೆಯಲ್ಲಿ," ಎಂದ ಗುಣಪಾಲ. "ಮತ್ತೆ ಎಲ್ಲಿಗೆ ಕೊಂಡುಹೋದರು, ಗೊತ್ತಿಲ್ಲ."

"ನೀನು ಕೇಳ್ಲಿಲ್ವಾ?"

"ಅದನ್ನೆಲ್ಲ ಕೇಳ್ತಾರಾ ಅಮ್ಮ?"

"ಖಾಲಿ ಇತ್ತಾ ಅದು?"

ಗುಣಪಾಲನಿಗೆ ಅರ್ಥವಾಗಲಿಲ್ಲ. ಪಂಕಜಾಕ್ಷಿಗೆ ಆಯಿತು.

"ಖಾಲಿ, ಮಾಮಿ. ಅದಕ್ಕೆ ಮೊದಲು ಹದಿನೈದು ದಿನ ಬರೇ ನೀರಿನಂಥದ್ದೇ ಕೊಟ್ಟದ್ದು. ಹಿಂದಿನ ರಾತ್ರಿಯಿಂದ ಅದೂ ಇಲ್ಲ."

"ಹಾಗಾದ್ರೆ ಹಸಿದೇ ಹೋದದ್ದು," ಎಂದಳು ಅಮ್ಮಣಿ.

ಎದ್ದಳು. ಮಗನಿಗೆ, "ನೀನು ಅಪ್ಪನ ಎಲೆಯನ್ನು ಹಿತ್ತಿಲ ಜಗಲಿಗೆ ತಂದು ಮುಗಿಸು. ಒಂದಗುಳು ಬಿಟ್ಟರೆ ನೋಡು" ಎಂದಳು. ಟಿವಿಯ ಬಳಿಯ ಬಾಟಲಿ ತಂದು, ಕಲ್ಲನ್ನು ಅಂಗಳಕ್ಕೆ ಎಸೆದಳು. ಬಾಟಲಿಯನ್ನು ತೊಳೆದು ಕವುಚಿಟ್ಟಳು. ಕತ್ತಿ ಹಿಡಿದು ಹಿತ್ತಿಲ ಬಾಳೆಯ ಬುಡಕ್ಕೆ ಹೋದಳು. ತಂದದ್ದು ಪುಟ್ಟ ಎಲೆಯಲ್ಲ, ತುದಿಯ ಸಮೇತ ಇಡೀ ಎಲೆ. ತೊಳೆದು, ಒಳಕೋಣೆಯಲ್ಲಿ ಕೂಸಿನ ಎಲೆ ಇದ್ದ ಜಾಗದ ಪಕ್ಕದಲ್ಲಿ ಹಾಸಿದಳು. ಬಡಿಸತೊಡಗಿದಳು. ಅನ್ನ, ಅದರ ಮೇಲೆ ಕೋಳಿಯ ಕಾಲಿನ ತುಂಡು, ನಾಲ್ಕು ನೀರುದೋಸೆ. ಪಂಕಜಾಕ್ಷಿಗೆ ಪ್ರಾಣವಾದ ಸಿಗಡಿ ಚಟ್ನಿ ಎರಡು ಸಲ ಹಾಕಿದಳು. ಫ್ರಿಜ್ಜಿನಿಂದ ಮಾವಿನಕಾಯಿ ಉಪ್ಪಿನಕಾಯಿ ತೆಗೆದು ಬದಿಗಿಟ್ಟಳು. ಇನ್ನೂ ಸಾಲದೆಂಬಂತೆ ಸ್ವಲ್ಪ ಅನ್ನ ಹಾಕಿದಳು.

"ಅಮ್ಮ, ಬದುಕಿರುವವರಿಗೆ ಎಲೆ ಹಾಕ್ಬಾರದು," ಎಂದಳು ಕಮಲ, ಬಾಗಿಲ ಬಳಿ ನಿಂತು.

"ಬದುಕಿರುವವಳು ಅಲ್ಲಿ ಹೊರಗೆ ಕೂತಿದ್ದಾಳೆ. ಇದು ಹೋದದ್ದಕ್ಕೆ."

"ಮತ್ತೆ ಇಷ್ಟನ್ನು ಉಣ್ಣುದು ಯಾರು?"

"ನಾನು ಉಣ್ತೇನೆ. ನನ್ನ ಹೊಟ್ಟೆ ಇನ್ನೂ ಉಂಟು. ನೀನು ಬಾಗಿಲು ಹಾಕು."

ಹೆಂಗಸರು ಮೂವರೂ ಮತ್ತೆ ಸಿಟೌಟಿಗೆ ಬಂದರು. ಮೇಲಿನ ಹೈವೇಯಲ್ಲಿ ಲಾರಿಗಳು ತಲಪಾಡಿಯ ಕಡೆ ಹೋಗುತ್ತಿದ್ದವು. ಪಂಕಜಾಕ್ಷಿ ಕಂಬಕ್ಕೆ ಒರಗಿ ಕುಳಿತಿದ್ದಳು. ಹೊಟ್ಟೆಯ ಉರಿ ಇಳಿದಿತ್ತು, ಕಣ್ಣು ತಾನಾಗಿ ಮುಚ್ಚುತ್ತಿತ್ತು. ಬಾಗಿಲ ಸಂದಿನಿಂದ ಕೋಳಿ ಪದಾರ್ಥದ ವಾಸನೆ ಬರುತ್ತಿತ್ತು. ಬಸ್ಸಿಳಿದು ಮನೆಯ ಮೂಲೆ ತಿರುಗುವಾಗ ಇದೇ ವಾಸನೆಗೆ ಹೆಜ್ಜೆ ಜೋರಾಗುತ್ತಿದ್ದ ಕಾಲವಿತ್ತು. ಆ ಕಾಲದ ಮೇಲೆ ಅವಳಿಗೆ ಈವರೆಗೆ ಸಿಟ್ಟೇ ಇತ್ತು. ಈಗ ಮೊದಲ ಸಲ ಪಾಪ ಅನಿಸಿತು.

ಕಾಲು ಗಂಟೆ ಕಳೆಯಿತು. ಗುಣಪಾಲ ಹೊಟ್ಟೆ ನೀವಿಕೊಳ್ಳುತ್ತ ತಂದೆಯ ಎಲೆ ಮಡಚಿ ಹಿಡಿದು ಹಿತ್ತಿಲ ಕಡೆಯಿಂದ ಬಂದ. ಅಮ್ಮಣಿ ಎದ್ದು ಹೋಗಿ, ಮುಚ್ಚಿದ ಬಾಗಿಲ ಮುಂದೆ ನಿಂತು ಮೂರು ಸಲ ಕೆಮ್ಮಿದಳು. ಚಿಲಕಕ್ಕೆ ಕೈಯಿಟ್ಟವಳು ತಿರುಗಿ ಸೊಸೆಯನ್ನು ನೋಡಿದಳು.

"ತೆಗೀಲಾ?"

ಪಂಕಜಾಕ್ಷಿ ಕಣ್ಣು ತೆರೆದಳು.

"ಇನ್ನು ಸ್ವಲ್ಪ ಹೊತ್ತು ಇರ್ಲಿ ಮಾಮಿ," ಎಂದಳು. "ಅದು ತುಂಬಾ ಉಣ್ಣುವಂಥದ್ದು."

ಅಮ್ಮಣಿ ಚಿಲಕದಿಂದ ಕೈ ತೆಗೆದಳು. ಬಂದು ಸೊಸೆಯ ಪಕ್ಕದಲ್ಲಿ ಕಾಲು ಚಾಚಿ ಕುಳಿತಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಈ ಸಲ ಅಮ್ಮಣಿ ಬೈಯಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದು, ಅವಳ ಕಡೆ ಹಿಡಿದಳು.